ತಂಗಿಯ ಊರಿನ ತಂಗಾಳಿ

ಈಗ ತಾನೇ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಬೆಂಕಿಯಂಥ ಬಿಸಿಲಿನಲ್ಲಿ ಒಮ್ಮೆಲೇ ಕುತ್ತಿಗೆಗೆ ತಣ್ಣನೆ ಗಾಳಿ ತಾಕಿತು, ಜೊತೆಗೆ ನೆಂದ ಮಣ್ಣಿನ ವಾಸನೆ. ನೀವಾಗಿದ್ದರೆ ಆಹಾ ಎನ್ನುತ್ತಿದ್ದಿರಿ. ಚಳ್ಳಕೆರೆಯಲ್ಲಿ ಈ ಗಾಳಿ ಬೀಸಿದರೆ ನನಗೆ ಮೈ ತಣ್ಣಗಾಗುತ್ತದೆ, ಹೊಟ್ಟೆ ಉರಿಯುತ್ತದೆ. ಇದು ಮೊಳಕಾಲ್ಮುರು ಕಡೆಯ ಗಾಳಿ. ರಾಂಪುರದಲ್ಲಿ ನನ್ನ ತಂಗಿಯ ಹೊಲಕ್ಕೆ ಮಳೆ ಬಿದ್ದಿದೆ ಎಂದರ್ಥ.

ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಪಾಠ ಹೇಳುತ್ತೇನೆ. ಮಳೆ ಸುರಿದಲ್ಲಿ ಗಾಳಿ ತಣಿದು ಭಾರವಾಗುತ್ತದೆ. ನೆಲ ಹಿಡಿದು ಮುಂದಕ್ಕೆ ನುಗ್ಗಿ, ಎದುರಿನ ಬಿಸಿಗಾಳಿಯ ಅಡಿಗೆ ನುಸುಳಿ, ಅದನ್ನು ಮೇಲಕ್ಕೆತ್ತುತ್ತದೆ. ಮೇಲೇರಿದ್ದು ಮೋಡವಾಗುತ್ತದೆ. ಆ ಮೋಡ ನಮ್ಮ ಮೇಲೆಯೇ ಸುರಿಯಬೇಕೆಂಬ ಕಾನೂನೇನೂ ಇಲ್ಲ.

ಮಳೆಗೆ ಇಷ್ಟೊಂದು ಹೊಟ್ಟೆಕಿಚ್ಚೇ ಎಂದು ನಗಬೇಡಿ. ನಾನು ಕಾಯುತ್ತಿದ್ದದ್ದು ಅವ್ವನಿಗಾಗಿ. ಅವಳಿರುವುದು ನಮ್ಮಿಬ್ಬರ ಊರುಗಳ ನಡುವಿನ ತಳಕಿನಲ್ಲಿ, ನನ್ನ ತಮ್ಮನ ಮನೆಯಲ್ಲಿ. ತಂಗಿಯಂತೆ ನಮಗೂ ಶೇಂಗಾ ಹೊಲವಿದೆ. ಬಿತ್ತನೆಯ ಶೇಂಗಾ ಯಂತ್ರಕ್ಕೆ ಹಾಕಿದರೆ ಒಡೆಯುತ್ತದೆ, ಬಹಳ ಮೊದಲೇ ಸುಲಿದಿಟ್ಟರೆ ಕೆಡುತ್ತದೆ. ಮಳೆ ಬಿದ್ದ ಮೇಲೆ ಕೈಯಲ್ಲೇ ಸುಲಿಯಬೇಕು. ಇಬ್ಬರು ಹೆಣ್ಣುಮಕ್ಕಳಲ್ಲಿ ಯಾರ ಊರಿಗೆ ಮೊದಲು ಮಳೆಯೋ ಅವರ ಮನೆಗೆ ಅವ್ವ ಚೀಲ ಹಿಡಿದು ಹೊರಡುತ್ತಿದ್ದಳು. ಬಿತ್ತನೆ ಮುಗಿಯುವವರೆಗೆ ಅಲ್ಲೇ ಠಿಕಾಣಿ. ವರ್ಷ ವರ್ಷವೂ ರಾಂಪುರವೇ.

ಒಮ್ಮೆ ಈ ಗಾಳಿಯನ್ನೇ ನಂಬಿ ಫೋನ್ ಮಾಡಿದೆ. "ಅವ್ವಾ, ಮಳೆ ಬಂದೇ ಬಿಡ್ತು, ಬಾ."

ಅವ್ವ ಬಸ್ಸಿಳಿದಾಗ ನಮ್ಮೂರಲ್ಲಿ ಬರೀ ಧೂಳು ಏಳುತ್ತಿತ್ತು. "ಇದು ನಿನ್ ತಂಗಿ ಊರಾಗೆ ಬಿದ್ದ ಮಳೆ ತಂಪು ಕಣವ್ವಾ," ಎಂದವಳೇ ಟೀ ಕುಡಿದು ರಾಂಪುರದ ಬಸ್ಸು ಹತ್ತಿದಳು.

ಹೋದ ವರ್ಷ ಕೊನೆಗೂ ನಮಗೇ ಮೊದಲು ಮಳೆಯಾಯಿತು. ಅವ್ವ ಬಂದಳು. ಅವಳ ಬೆನ್ನ ಹಿಂದೆ ತಂಗಿ!

"ನನ್ ಬೆರಳು ಮಡಚಾಕೆ ಬರಾದಿಲ್ಲ ಈಗ. ಅದಕ್ಕೇ ಇವಳ್ನ ಕರ್ಕಂಡು ಬಂದೀನಿ," ಎಂದಳು ಅವ್ವ.

ತಂಗಿ ಮೊರ ಎಳೆದುಕೊಂಡು ಕೂತಳು. ಕಾಯಿಯ ಮೂತಿಗೆ ಹೆಬ್ಬೆರಳು ಒತ್ತಿದಳು, ಪಟ್! ಬೀಜದ ಕೆಂಪು ಸಿಪ್ಪೆ ಚೂರೂ ತರಚಲಿಲ್ಲ. ಥೇಟ್ ಅವ್ವನ ಕೈ. ನಾನೋ ಹಲ್ಲಲ್ಲಿ ಕಚ್ಚಿ ಅರ್ಧ ಬೀಜ ಹಾಳು ಮಾಡುವವಳು. ಮಳೆ ಅವಳಿಗೇ ಸುರಿಯಲಿ, ಆ ಕೈ ನನಗೆ ಬರಬಾರದಿತ್ತೇ ಎಂದು ಅಂದು ಒಳಗೊಳಗೇ ಅತ್ತೆ.

ಇವತ್ತು ಬಟ್ಟೆ ಅಲ್ಲೇ ಬಿಟ್ಟು ತಂಗಿಗೆ ಫೋನ್ ಮಾಡಿದೆ. "ಮಳೆ ಬಿತ್ತೇನೇ?"

"ಬಿತ್ತಕ್ಕಾ. ನಾಳೆ ಅವ್ವ ಬರ್ತಾಳಂತೆ. ಸುಮ್ನೆ ಕೂತ್ಕಂಡು ನೋಡ್ತೀನಿ ಅಂದ್ಲು."

"ನಾಳೆ ಭಾನುವಾರ, ನಾನೂ ಬರ್ತೀನಿ. ನಂಗೂ ಸುಲಿಯಾದು ಕಲಿಸು. ಅವ್ವಂಗೆ ಹೇಳು, ತಳಕಿನಾಗೆ ನಿಂತಿರ್ಲಿ, ನಾನು ಬರೋ ಬಸ್ಸಿಗೇ ಹತ್ಲಿ."

ಪಕ್ಕದಲ್ಲಿ ಸೀಟು ಹಿಡಿದಿರುತ್ತೇನೆ. ರಾಂಪುರ ಬರುವವರೆಗಾದರೂ ಅವ್ವ ನನ್ನೊಬ್ಬಳಿಗೇ ಸೇರಿದವಳು.