ಮಾರಾಟಕ್ಕಿಲ್ಲದ ಮನೆ

ಕಡೂನಾ ಪಟ್ಟಣದ ಕಾಕೂರಿ ಕೇರಿಯಲ್ಲಿ ಹಬಿಲಾನ ಮನೆಗೆ ಏನು ಬೆಲೆ ಎಂದು ಯಾರನ್ನಾದರೂ ಕೇಳಿ ನೋಡಿ, ನಿಮ್ಮ ತಲೆಯೂ ಕೆಟ್ಟೀತು. ಅವನಿಗಂತೂ ಕೆಟ್ಟು ವರ್ಷಗಳಾಗಿದ್ದವು. ಅವನ ಹಿತ್ತಿಲ ಗೋಡೆಯ ಆಚೆಗೇ ಬಟ್ಟೆ ಗಿರಣಿ. ಅಲ್ಲಿ ಮಗ್ಗ ರಿಪೇರಿ ಮಾಡುತ್ತಲೇ ಅವನು ಕೂದಲು ಬೆಳ್ಳಗೆ ಮಾಡಿಕೊಂಡಿದ್ದ. ಗಿರಣಿ ನಡೆಯುತ್ತಿದ್ದಾಗ ಆ ಕೇರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಬೇಕೆಂದರೂ ಯಾರದಾದರೂ ಶಿಫಾರಸು ಹಿಡಿದು ಬರಬೇಕಿತ್ತು. ಮುಚ್ಚಿದ ಮೇಲೆ ಬಾಡಿಗೆಯವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಗಿರಣಿಯ ತಗಡು ಕದಿಯುವವರು ಬಂದರು, ಪೊದೆ ಬೆಳೆಯಿತು, ಹಾವುಗಳು ಸೇರಿಕೊಂಡವು. ಹಬಿಲಾನ ಗೋಡೆ ಅದೇ, ಸೂರು ಅದೇ, ಅಂಗಳದ ಮಾವಿನ ಮರವೂ ಅದೇ. ಬೆಲೆ ಮಾತ್ರ ಎಲ್ಲಿಗೆ ಹೋಯಿತು? ಇದರಲ್ಲಿ ತಾನು ಮಾಡಿದ ತಪ್ಪೇನು ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ.

ಮಾರುವ ಅವಸರ ಬಂದದ್ದು ಹೆಂಡತಿ ಲಾರಾಯ್‌ಳಿಂದ. ಜೊಂಕ್ವಾದಲ್ಲಿದ್ದ ಅವಳ ಅಕ್ಕನಿಗೆ ಕಣ್ಣು ಹೋಗಿತ್ತು; ಒಲೆ ಹಚ್ಚಿಕೊಡುವವರೂ ಇರಲಿಲ್ಲ. ಉಳಿದ ದಿನಗಳನ್ನು ಅಕ್ಕನ ಜೊತೆ ಕಳೆಯಬೇಕು, ಲಾರಾಯ್‌ಗೆ ಅದೊಂದೇ ಆಸೆ. ಮನೆ ಮಾರಿದ ಕೂಡಲೇ ಹೊರಡೋಣ ಎಂದು ಹಬಿಲಾ ಮಾತು ಕೊಟ್ಟಿದ್ದ. ಪಾಪ, ಮಾತೇನೋ ಕೊಟ್ಟ, ಕೊಳ್ಳುವವರನ್ನು ಎಲ್ಲಿಂದ ತರುತ್ತಾನೆ? ಬಂದವರೆಲ್ಲ ಗಿರಣಿಯ ಕಡೆ ನೋಡಿ ಮೂಗು ಮುರಿಯುತ್ತಿದ್ದರು. ನಡುವೆ ಗಿರಣಿ ಮತ್ತೆ ತೆರೆಯುತ್ತದಂತೆ ಎಂಬ ಸುದ್ದಿ ಹಬ್ಬಿತು. ಈಗ ಮಾರಿದರೆ ಕೆಟ್ಟೆ ಎಂದು ಹಬಿಲಾ ತಾನೇ ಹಿಂದೇಟು ಹಾಕಿದ. ಸುದ್ದಿ ಸುಳ್ಳಾಯಿತು, ಬೆಲೆ ಇನ್ನಷ್ಟು ಇಳಿಯಿತು.

ಆಗ ದಲ್ಲಾಳಿ ಡಾಂಜುಮಾ ಬಂದು, ಲಾರಾಯ್ ಕರಿದ ಅಲಸಂದೆ ವಡೆ ತಿಂದು, ಕೈ ಒರೆಸಿಕೊಂಡು ಒಂದು ಉಪಾಯ ಹೇಳಿದ. ಕಡೂನಾದಲ್ಲಿ ಮನೆಯವರು ನೆಂಟರ ಊರಿಗೆ ಹೋಗಿ ಬರುವಷ್ಟರಲ್ಲಿ ಅವರ ಮನೆಯನ್ನೇ ಇನ್ಯಾರಿಗೋ ಮಾರಿಬಿಡುವ ಖದೀಮರಿದ್ದಾರೆ. ಅದಕ್ಕೇ ಬೆಲೆಬಾಳುವ ಮನೆಗಳ ಗೋಡೆಯ ಮೇಲೆ ‘ಈ ಮನೆ ಮಾರಾಟಕ್ಕಿಲ್ಲ’ ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿರುತ್ತದೆ.

“ನಿನ್ನ ಗೋಡೆ ಮೇಲೆ ಏನೂ ಇಲ್ಲ. ಕಳ್ಳನಿಗೂ ಬೇಡದ ಮನೆ ದುಡ್ಡು ಕೊಡೋನಿಗೆ ಬೇಕಾಗುತ್ತಾ? ನೀನೂ ಬರೆಸು, ಆಮೇಲೆ ನೋಡು,” ಎಂದ ಡಾಂಜುಮಾ.

ಮಾರಬೇಕಾದ ಮನೆಯ ಮೇಲೆ ಮಾರುವುದಿಲ್ಲ ಎಂದು ಬರೆಯುವುದೇ? ಹಬಿಲಾ ಬಹಳ ದಿನ ಮೀನಮೇಷ ಎಣಿಸಿ, ಕೊನೆಗೆ ತಾನೇ ಬರೆದ. ಲಾರಾಯ್ ಸೌಟು ಹಿಡಿದೇ ಹೊರಗೆ ಬಂದು ಓದಿದಳು. ಗಂಡ ಮಾತಿಗೆ ತಪ್ಪಿದ ಎಂದೇ ಅವಳಿಗನಿಸಿತು. ಅವನು ಡಾಂಜುಮಾನ ಉಪಾಯವನ್ನು ಬಿಡಿಸಿ ಹೇಳಲು ಹೋದ. ಅರ್ಧ ಹೇಳುವಷ್ಟರಲ್ಲಿ ಅದು ಅವನಿಗೇ ಅರ್ಥವಾಗದೆ ಹೋಯಿತು.

ಸೋಜಿಗವೆಂದರೆ, ಉಪಾಯ ಫಲಿಸಿತು. ಜಾರಿಯಾ ಊರಿನ ಬಟ್ಟೆ ವ್ಯಾಪಾರಿಯೊಬ್ಬ ಬರಹ ನೋಡಿ ಕಾರು ನಿಲ್ಲಿಸಿದ. ಹಾಳು ಗಿರಣಿಯ ಪಕ್ಕದ ಮನೆಯನ್ನು ಇಷ್ಟು ಜೋಪಾನ ಮಾಡುತ್ತಾರೆಂದರೆ ಏನೋ ಒಳಗುಟ್ಟು ಇರಲೇಬೇಕು ಎಂದುಕೊಂಡ. ಒಳಗೆ ಬಂದ, ಗೋಡೆ ತಟ್ಟಿ ನೋಡಿದ, ಯಾರೂ ಹೇಳದ ಬೆಲೆ ಹೇಳಿದ. ಹಬಿಲಾ ಖುಷಿ ತಡೆಯಲಾರದೆ ತಟ್ಟನೆ ಹೂಂ ಅಂದುಬಿಟ್ಟ. ಅದೇ ಎಡವಟ್ಟಾಯಿತು. ಮಾರಾಟಕ್ಕಿಲ್ಲ ಎಂದು ಬರೆದ ಮನೆಯನ್ನು ಕೇಳಿದ ಕೂಡಲೇ ಮಾರುವವನು ಮಾಲೀಕನಾಗಿರಲು ಸಾಧ್ಯವೇ ಇಲ್ಲ, ಇವನು ಪಕ್ಕಾ ಮೋಸಗಾರ ಎಂದು ವ್ಯಾಪಾರಿ ರಂಪ ಎಬ್ಬಿಸಿದ. ಕೇರಿಯ ಮುಖ್ಯಸ್ಥ ಓಡಿಬಂದ. ಹಬಿಲಾನ ಮರ್ಯಾದೆ ಉಳಿಸಬೇಕೆಂದೇ ಆ ಪುಣ್ಯಾತ್ಮ ಸಾಕ್ಷಿ ಹೇಳಿದ.

“ಮನೆ ಇವನದೇ ಯಜಮಾನ್ರೇ, ಅದರಲ್ಲಿ ಅನುಮಾನ ಬೇಡ. ಆದ್ರೆ ಇವನು ಮಾರಲ್ಲ. ಗೋಡೆ ಮೇಲೆ ಇವನೇ ಬರೆದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ.”

ಹಬಿಲಾ ಬಾಯಿ ಬಿಡುವಷ್ಟರಲ್ಲಿ ವ್ಯಾಪಾರಿ ಕಾರು ಹತ್ತಿ ಹೊರಟುಹೋದ. ಹಬಿಲಾ ತನ್ನ ಅಂಗಳದಲ್ಲೇ ಕಣ್ಣು ಕಣ್ಣು ಬಿಡುತ್ತ ನಿಂತ. ಸಿಟ್ಟು ಉಕ್ಕಿ ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ತಿರುಗಿ ನೋಡಿದರೆ ಲಾರಾಯ್ ಒಂದು ಬಟ್ಟೆಗಂಟು ಇಟ್ಟುಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಅಕ್ಕನ ಹತ್ತಿರ ಹೋಗುತ್ತೇನೆ ಎಂದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವುದು ಮಗಳು ಜುಮ್ಮಾಯ್ ಹೆಸರು ಹಿಡಿದೇ.

“ಮನೆ ಮಾರದೆ ಹೇಗೆ ಹೋಗೋದು, ಜುಮ್ಮಾಯ್ ಅಮ್ಮ?”

“ಯಾರಿಗೂ ಬೇಡದ ಮನೆಗೆ ಕಾವಲು ಯಾಕೆ, ಜುಮ್ಮಾಯ್ ಅಪ್ಪ? ಮನೆ ಎಲ್ಲೂ ಹೋಗಲ್ಲ. ಅಕ್ಕ ಹೋಗ್ತಾಳೆ.”

ಇಷ್ಟು ವರ್ಷ ಈ ಮಾತು ತನಗೇಕೆ ಹೊಳೆಯಲಿಲ್ಲ ಎಂಬುದೇ ಹಬಿಲಾನಿಗೆ ತಿಳಿಯಲಿಲ್ಲ. ಅವಳು ಆಗಲೇ ಬಸ್ಸಿನ ದಾರಿ ಹಿಡಿದಿದ್ದಳು. ಅವನು ಮನೆಯ ಕಡೆ ಒಮ್ಮೆ, ಅವಳ ಬೆನ್ನಿನ ಕಡೆ ಒಮ್ಮೆ ನೋಡಿದ. ಆಮೇಲೆ ಹಿಂದೆಯೇ ಓಡಿ ಅವಳ ಕೈಯಿಂದ ಗಂಟು ತೆಗೆದುಕೊಂಡ.