ಒಂದು ಮೊಳದ ಕೋಲಿಗೆ ಸಂಬಂಧಿಸಿದ ಎರಡು ಅರ್ಜಿಗಳು

ಮಾಲೂರಿನಲ್ಲಿ ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಕುಳಿತು ಇತರರ ಪರವಾಗಿ ಅರ್ಜಿಗಳನ್ನು ಬರೆಯುತ್ತಾ ಬಂದಿರುವ ನಾನು, ನನ್ನ ಪರವಾಗಿ ಈವರೆಗೆ ಏನನ್ನೂ ಬರೆದವನಲ್ಲ. ಆದ್ದರಿಂದ ಈ ಬರಹವು ಕಚೇರಿಯ ಕಾಗದದಂತೆ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ಬೇರೆ ರೀತಿಯಲ್ಲಿ ಬರೆಯಲು ನಾಲ್ಕು ಸಲ ಪ್ರಯತ್ನಿಸಿ, ನಾಲ್ಕು ಸಲವೂ ಹಾಳೆಯನ್ನು ಹರಿದು ಹಾಕಿರುತ್ತೇನೆ.

ನನ್ನ ವಾಸ ಟೇಕಲ್‌ನಲ್ಲಿ. ಮಾಲೂರಿಗೆ ದಿನವೂ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ. ಸದರಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದ ಕಾರಣ, ಅದರ ಅಂಚು ಪಕ್ಕದ ಮಣ್ಣಿಗಿಂತ ಒಂದು ಗೇಣು ಎತ್ತರವಾಗಿರುತ್ತದೆ. ವಾಹನ ಓಡಿಸುವವರಿಗೆ ಇದು ಗೊತ್ತಾಗುವುದಿಲ್ಲ. ಹಾರನ್ ಹೊಡೆದ ಕೂಡಲೇ ಸೈಕಲ್ಲಿನವನು ಮಣ್ಣಿಗಿಳಿಯಬೇಕೆಂಬುದು ಅವರ ತಿಳುವಳಿಕೆ. ಇಳಿದರೆ ಬೀಳುತ್ತೇವೆಂಬುದು ನಮ್ಮ ಅನುಭವ. "ಓಯ್, ಪಕ್ಕಕು ಪೋ!" ಎಂದು ಒಬ್ಬರು ತೆಲುಗಿನಲ್ಲಿ ಗದರಿದರೆ, "ರೋಡೇನ್ ನಿಮ್ಮಪ್ಪಂದಾ?" ಎಂದು ಇನ್ನೊಬ್ಬರು ಕನ್ನಡದಲ್ಲಿ ಕೇಳುತ್ತಾರೆ. ನಾವು ಉತ್ತರ ಕೊಡುವಷ್ಟರಲ್ಲಿ ಅವರು ಮುಂದಿನ ತಿರುವನ್ನು ದಾಟಿರುತ್ತಾರೆ.

ಬೆಳಿಗ್ಗೆ ಆ ರಸ್ತೆಯಲ್ಲಿ ನನಗೆ ಜೊತೆಯಾಗುತ್ತಿದ್ದವರು ಒಬ್ಬ ವೃದ್ಧರು. ಚಾಕು, ಕತ್ತರಿ, ಕುಡುಗೋಲುಗಳಿಗೆ ಸಾಣೆ ಹಿಡಿಯುವುದು ಅವರ ಕಸುಬು. ಸಾಣೆಕಲ್ಲನ್ನು ಸೈಕಲ್ಲಿಗೇ ಜೋಡಿಸಿದ್ದರು. ಸ್ಟ್ಯಾಂಡ್ ಹಾಕಿ ಪೆಡಲು ತುಳಿದರೆ ಕಲ್ಲು ತಿರುಗುತ್ತಿತ್ತು. ಅವರ ಮನೆಮಾತು ದಖನಿ ಉರ್ದು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ರೈಟ್ರೇ ಎನ್ನುತ್ತಿದ್ದರು.

ಒಂದು ದಿನ ಅವರು ಒಂದು ಮೊಳದ ಬಿದಿರು ಕೋಲನ್ನು ಕ್ಯಾರಿಯರಿಗೆ ಅಡ್ಡಲಾಗಿ, ಬಲಕ್ಕೆ ಚಾಚುವಂತೆ ಕಟ್ಟಿ, ಅದರ ತುದಿಗೆ ಕೆಂಪು ಬಟ್ಟೆಯನ್ನು ಉಂಡೆಯಾಗಿ ಸುತ್ತಿಕೊಂಡು ಬಂದರು.

"ಏನ್ ಚಾಚಾ ಇದು, ಬಾವುಟಾನಾ?" ಎಂದು ಕೇಳಿದೆ.

"ನಮ್ ಮೈಗೆ ತಾಗಿದ್ರೆ ಅವ್ರಿಗೆ ಚಿಂತೆ ಇಲ್ಲ ರೈಟ್ರೇ. ಗಾಡಿ ಪೇಂಟಿಗೆ ತಾಗ್ತದೆ ಅಂದ್ರೆ ದೂರ ಹೋಗ್ತಾರೆ, ನೋಡ್ತಿರಿ."

ಅವರು ಹೇಳಿದಂತೆಯೇ ಆಯಿತು. ಲಾರಿಗಳೂ ಒಂದು ಮಾರು ಜಾಗ ಬಿಟ್ಟು ಹೋಗತೊಡಗಿದವು. ನಾನು ಅವರ ಹಿಂದೆಯೇ ಸೈಕಲ್ ತುಳಿಯುತ್ತಿದ್ದೆ. ಸದರಿ ಕೋಲಿನ ಪ್ರಯೋಜನವನ್ನು ನಾನೂ ಪಡೆದಿರುತ್ತೇನೆ ಎಂಬುದನ್ನು ಇಲ್ಲಿ ನಮೂದಿಸಬೇಕು.

ಕೆಲವು ವಾರಗಳ ನಂತರ ಲಕ್ಕೂರು ಕಡೆಯ ಒಬ್ಬ ಟೆಂಪೊ ಚಾಲಕ ಹೊಂಗೆ ಮರದ ಕೆಳಗೆ ಬಂದ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವವನು.

"ಅಣ್ಣಾ, ಒಂದ್ ಕಂಪ್ಲೇಂಟ್ ಬರ್ಕೊಡಿ. ಆ ಸಾಣೆ ಹಿಡಿಯೋ ಆಯಪ್ಪ ಕೋಲು ಕಟ್ಕೊಂಡ್ ಓಡಾಡ್ತಾನಲ್ಲ, ನನ್ ಹೊಸ ಗಾಡಿಗೆ ಉಜ್ಜಿ ಉದ್ದಕ್ಕೂ ಗೆರೆ ಬಿದ್ದದೆ. ಆಯಪ್ಪನ್ನ ಏನೂ ಮಾಡೋದ್ ಬೇಡ. ಕೋಲು ತೆಗ್ಸಿದ್ರೆ ಸಾಕು."

ಬಂದವರಿಗೆಲ್ಲ ಬರೆದುಕೊಡುವುದು ನನ್ನ ವೃತ್ತಿಯ ನಿಯಮ. ಆ ಕೋಲು ಯಾರದೆಂದು ನನಗೆ ಗೊತ್ತಿದೆ ಎಂದು ನಾನು ಹೇಳಲಿಲ್ಲ. "ಸದರಿ ವ್ಯಕ್ತಿಯು ತನ್ನ ಸೈಕಲ್ಲಿಗೆ ಮೊನಚಾದ ವಸ್ತುವನ್ನು ಅಳವಡಿಸಿಕೊಂಡು, ಸಾರ್ವಜನಿಕರ ಪ್ರಾಣಕ್ಕೆ ಅಪಾಯವಾಗುವಂತೆ ಸಂಚರಿಸುತ್ತಿದ್ದು" ಎಂದು ಬರೆದು, ಪದ್ಧತಿಯಂತೆ ಓದಿ ಹೇಳಿದೆ.

"ಮೊನಚಾ? ಬಟ್ಟೆ ಸುತ್ತವ್ನಲ್ಲಣ್ಣಾ," ಎಂದ ಚಾಲಕ.

"ಬರೀ ಕೋಲು ಅಂತ ಬರೆದ್ರೆ ಯಾರಪ್ಪಾ ಓದ್ತಾರೆ?" ಎಂದೆ.

ಅವನು ರುಜು ಮಾಡಿದ. ಜಮೀನಿನ ಕ್ರಯಪತ್ರವಾದರೆ ಕೊನೆಯಲ್ಲಿ ಅದನ್ನು ಬರೆದವನೂ ತನ್ನ ಹೆಸರು ಹಾಕಿ ರುಜು ಮಾಡಬೇಕು. ಆ ಸಾಲಿಗೆ ಬಿಕ್ಕಲಂ ಎನ್ನುತ್ತೇವೆ. ದೂರು ಅರ್ಜಿಗೆ ಬಿಕ್ಕಲಂ ಹಾಕುವ ಪದ್ಧತಿ ಇಲ್ಲ. ಆದ್ದರಿಂದ ಆ ಹಾಳೆಯ ಮೇಲೆ ನಾನು ಎಲ್ಲಿಯೂ ಇರಲಿಲ್ಲ.

ನಾಲ್ಕನೆಯ ದಿನ ರಸ್ತೆಯಲ್ಲಿ ಒಬ್ಬ ಪೇದೆ ನಮ್ಮಿಬ್ಬರನ್ನೂ ನಿಲ್ಲಿಸಿದರು. ಕೆಂಪು ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ಓದಿದರು.

"ಮೊನಚು ಅಂತ ಬರ್ದವ್ರಲ್ಲ ಸಾಬ್ರೇ. ಅದೂ ಸಾಣೆ ಹಿಡಿಯೋರು ನೀವು. ನಾನೇನ್ ಮಾಡ್ಲಿ?" ಎನ್ನುತ್ತಾ ಹಗ್ಗ ಬಿಚ್ಚಿ ಕೋಲನ್ನು ತೆಗೆದುಕೊಂಡು ಹೋದರು.

ನಾನು ಒಂದು ಕಾಲನ್ನು ನೆಲಕ್ಕೆ ಊರಿ, ನನ್ನ ಸೈಕಲ್ಲಿನ ಮುಂದಿನ ಚಕ್ರವನ್ನು ನೋಡುತ್ತಾ ನಿಂತಿದ್ದೆ. ಆ ಟೈರಿನಲ್ಲಿ ಒಂದು ಸಣ್ಣ ಗಾಜಿನ ಚೂರು ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ತೆಗೆದೆ. ಅಷ್ಟು ಹೊತ್ತಿನಲ್ಲಿ ನಾನು ಮಾಡಿದ ಕೆಲಸ ಅದೊಂದೇ.

ಅದಾದ ಎರಡನೆಯ ವಾರ ಒಂದು ಬಿಳಿಯ ಕಾರು ಹಾರನ್ ಹೊಡೆಯುತ್ತಾ ನನ್ನನ್ನು ದಾಟಿ, ಮುಂದಿದ್ದ ಚಾಚಾರವರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಹೋಯಿತು. ಅವರ ಚಕ್ರ ಅಂಚಿನಿಂದ ಕೆಳಗಿಳಿಯಿತು. ಅವರು ಬಿದ್ದರು, ಅವರ ಮೇಲೆ ಸೈಕಲ್ಲೂ ಅದರ ಸಾಣೆಕಲ್ಲೂ ಬಿದ್ದವು. ಕಾರು ನಿಲ್ಲಲಿಲ್ಲ. ಹಿಂದಿನಿಂದ ಬಂದು ನಿಂತದ್ದು ಅದೇ ಟೊಮೆಟೊ ಟೆಂಪೊ.

ಚಾಲಕನೇ ಅವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ನಾನು ಪಕ್ಕದಲ್ಲಿ ಒತ್ತಿಕೊಂಡು ಕುಳಿತೆ. ಚಾಚಾ ಕಣ್ಣು ಮುಚ್ಚಿಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಆಸ್ಪತ್ರೆ ಬರುವವರೆಗೂ ಚಾಲಕ ನನ್ನ ಕಡೆ ತಿರುಗದೆ, "ಕೋಲು ತೆಗ್ಸಿ ಅಂದಿದ್ದು ಅಷ್ಟೇ ಅಣ್ಣಾ, ಅಷ್ಟೇ ಅಂದಿದ್ದು ನಾನು," ಎಂದು ಮತ್ತೆ ಮತ್ತೆ ಹೇಳಿದ. ನನಗೆ ದುಃಖವಾಯಿತು ಎಂದು ಬರೆಯಬಹುದು. ಆದರೆ ಆಗ ಏನೂ ಅನ್ನಿಸಲಿಲ್ಲ ಎಂಬುದೇ ನಿಜ. ಮುಂದಿನ ಗಾಜಿಗೆ ಅಂಟಿದ್ದ ನಿಂಬೆಹಣ್ಣಿನ ಚಿತ್ರದ ಸ್ಟಿಕ್ಕರು ಮಾತ್ರ ಈಗಲೂ ಕಣ್ಣ ಮುಂದಿದೆ.

ಬಲಭುಜದ ಮೂಳೆ ಮುರಿದಿತ್ತು. ಮೂರು ತಿಂಗಳ ನಂತರ ಚಾಚಾ ಬಸ್ಸಿನಲ್ಲಿ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತರು.

"ಒಂದ್ ಅರ್ಜಿ ಬರೀರಿ ರೈಟ್ರೇ. ಕೈ ಸರಿ ಹೋದ್ರೆ ಮತ್ತೆ ಸೈಕಲ್ ಹತ್ತಬೇಕು. ಕೋಲು ಕಟ್ಕೊಳ್ಳೋಕೆ ಪರ್ಮಿಷನ್ ಬೇಕು. ಯಾರೋ ಚೂಪು ಅಂತ ಬರ್ದಿದ್ರಂತೆ. ಬಟ್ಟೆ ಸುತ್ತಿದ್ ಕೋಲು ಚೂಪು ಹೆಂಗಾಯ್ತದೆ? ಇಷ್ಟು ವರ್ಷ ಚೂಪು ಮಾಡ್ಕೊಂಡೇ ಬದುಕಿದೀನಿ, ನಂಗೊತ್ತಿಲ್ವಾ?"

ಅರ್ಜಿಯನ್ನು ಬರೆದೆ. ಅಂಚಿನ ಎತ್ತರ, ಕೋಲಿನ ಉದ್ದ, ಬಟ್ಟೆಯ ಬಣ್ಣ, ಎಲ್ಲವನ್ನೂ ಇದ್ದಂತೆಯೇ ಬರೆದೆ. ನಂತರ ಅವರು ಹೇಳದೇ ಇದ್ದ ಒಂದು ವಾಕ್ಯವನ್ನು ಸೇರಿಸಿದೆ: "ಈ ಹಿಂದಿನ ದೂರಿನಲ್ಲಿರುವ 'ಮೊನಚಾದ' ಎಂಬ ಪದವನ್ನು ದೂರುದಾರನು ಹೇಳಿರುವುದಿಲ್ಲ, ಬರೆದವನು ಸ್ವಂತವಾಗಿ ಸೇರಿಸಿರುತ್ತಾನೆ, ಅದು ಸುಳ್ಳು." ಪದ್ಧತಿ ಇಲ್ಲದಿದ್ದರೂ ಅದರ ಕೆಳಗೆ ಬಿಕ್ಕಲಂ ಎಂದು ಬರೆದು, ನನ್ನ ಪೂರ್ಣ ಹೆಸರು ಹಾಕಿ ರುಜು ಮಾಡಿದೆ. ಓದಿ ಹೇಳಿದೆ.

ಚಾಚಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕೊನೇದು ಇನ್ನೊಂದ್ ಸಲ ಓದಿ."

ಓದಿದೆ.

ಅವರು ಎಡಗೈಯಿಂದ, ಬಲು ನಿಧಾನವಾಗಿ, ಉರ್ದುವಿನಲ್ಲಿ ರುಜು ಮಾಡಿದರು. ಎದ್ದು ನಿಂತು, "ಅವತ್ತು ಕೋಲು ಬಿಚ್ದಾಗ ನೀವೂ ಅಲ್ಲೇ ನಿಂತಿದ್ರಲ್ಲ," ಎಂದರು. ಹೌದು ಎಂದೆ. ಬಸ್ ನಿಲ್ದಾಣದ ಕಡೆಗೆ ನಾಲ್ಕು ಹೆಜ್ಜೆ ಹೋದವರು ತಿರುಗಿ, "ಅರ್ಜಿ ಏನಾಗ್ತದೋ ಆಗ್ಲಿ. ಮನೇಲಿ ಇನ್ನೊಂದ್ ಕೋಲಿದೆ, ತಗೊಂಡ್ ಹೋಗಿ ನೀವೇ ಕಟ್ಕೊಳ್ಳಿ. ನಿಮ್ದನ್ನ ಯಾರೂ ಚೂಪು ಅನ್ನಲ್ಲ," ಎಂದರು.

ಅರ್ಜಿಗೆ ಈ ದಿನದವರೆಗೆ ಉತ್ತರ ಬಂದಿರುವುದಿಲ್ಲ. ಚಾಚಾ ಇನ್ನೂ ಸೈಕಲ್ ಹತ್ತಿಲ್ಲ. ಅವರ ಮನೆಯಿಂದ ತಂದ ಕೋಲನ್ನು ನನ್ನ ಸೈಕಲ್ಲಿಗೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಟೊಮೆಟೊ ಟೆಂಪೊ ಹಿಂದಿನಿಂದ ಬಂದಾಗ ಹಾರನ್ ಹೊಡೆಯುವುದಿಲ್ಲ. ಒಂದು ಮಾರು ಜಾಗ ಬಿಟ್ಟು ದಾಟಿ ಹೋಗುತ್ತದೆ. ಚಾಚಾ ಹೇಳಿದ್ದು ಸರಿ. ಇದುವರೆಗೆ ಯಾವ ಪೇದೆಯೂ ನನ್ನನ್ನು ನಿಲ್ಲಿಸಿ ಆ ಬಟ್ಟೆಯನ್ನು ಒತ್ತಿ ನೋಡಿರುವುದಿಲ್ಲ.