ನಮ್ಮವರ ಗಾಡಿಯ ಟಯರ್ ಸೆನ್ಸರ್

ಹೊಸ ಟಯರ್ ಹಾಕಿಸಿದ್ದು ನನಗಾಗಿ ಅಲ್ಲ. ಕಂಪನಿಯವರು ನನಗೆ ಗಾಡಿ ಕೊಟ್ಟ ಮೇಲೆ ಮನೆಯ ಗಾಡಿ ಬಹ್ರೇನಿನ ರಿಫಾದಲ್ಲಿರುವ ನಮ್ಮ ಫ್ಲ್ಯಾಟಿನ ಕೆಳಗೆ ಸುಮ್ಮನೆ ಬಿಸಿಲು ಕಾಯುತ್ತಿತ್ತು. ಅದನ್ನು ಕೊಂಡುಕೊಳ್ಳುತ್ತೇನೆ ಅಂತ ಒಬ್ಬಳು ಹುಡುಗಿ ಮುಂದೆ ಬಂದಳು. ನನ್ನ ಹೆಂಡತಿ ಆಸ್ಪತ್ರೆಯ ಅಕೌಂಟ್ಸ್‌ನಲ್ಲಿ ಕೆಲಸ ಮಾಡುತ್ತಾಳೆ, ಈ ಹುಡುಗಿ ಅದೇ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಹಾಗೆಯೇ ಕರಾವಳಿಯವಳು, ಉಡುಪಿ ಕಡೆಯ ಕ್ರಿಶ್ಚಿಯನ್ ಮನೆಯವಳು, ಸೆಗಯಾದಲ್ಲಿ ಸಣ್ಣ ಫ್ಲ್ಯಾಟು. ಲೈಸೆನ್ಸ್ ಸಿಕ್ಕಿ ತಿಂಗಳಾಗಿರಲಿಲ್ಲ. ಡ್ಯೂಟಿಗೆ ಟ್ಯಾಕ್ಸಿ ಕಾದು ಕಾದು ಸಾಕಾಗಿದೆ ಅಂತ ಹೇಳುತ್ತಿದ್ದಳು.

ಗಾಡಿ ನೋಡಲಿಕ್ಕೆ ಬಂದವಳು ಬಾನೆಟ್ ಕೂಡ ಎತ್ತಿಸಲಿಲ್ಲ. ಗ್ಯಾರೇಜಿಗೆ ತಗೊಂಡು ಹೋಗಿ ಚೆಕ್ ಮಾಡಿಸು ಅಂತ ನಾನೇ ಬಾಯಿಮಾತಿಗೆ ಹೇಳಿದೆ. "ನಮ್ಮವರದ್ದಲ್ವಾ, ಚೆಕ್ ಎಂತಕ್ಕೆ?" ಅಂದಳು. ಅಮೆರಿಕದಿಂದ ಬಂದ ಹಳೇ ಗಾಡಿಯೋ ಅಂತ ಒಂದೇ ಒಂದು ಪ್ರಶ್ನೆ ಕೇಳಿದಳು, ಅದೂ ಯಾರೋ ಕೇಳು ಅಂತ ಹೇಳಿಕೊಟ್ಟದ್ದಕ್ಕೆ. ನಾನು ಎದೆ ಸೆಟೆಸಿ, "ಪಕ್ಕಾ ಜಿಸಿಸಿ ಗಾಡಿ, ಕಣ್ಣು ಮುಚ್ಚಿ ತಗೋ" ಅಂದೆ. ಇಲ್ಲಿ ಜಿಸಿಸಿ ಅಂದರೆ ಗಲ್ಫಿನ ಬಿಸಿಲಿಗೆ ಅಂತಲೇ ಮಾಡಿ ಕಳಿಸಿದ ಗಾಡಿ. ಬೇರೆ ದೇಶದಲ್ಲಿ ಓಡಿ, ಕೆಲವೊಮ್ಮೆ ಗುದ್ದಿಸಿಕೊಂಡು, ರಿಪೇರಿಯಾಗಿ ಹಡಗು ಹತ್ತಿ ಬಂದದ್ದಕ್ಕೆ ಜನ ಹೆದರುತ್ತಾರೆ. ಹುಡುಗಿ ತಲೆಯಾಡಿಸಿ ಮುಂದಿನ ಶುಕ್ರವಾರ ಬರುತ್ತೇನೆ ಅಂತ ಹೋದಳು.

ಟಯರ್ ಸವೆದಿತ್ತು. ಹೊಸದಾಗಿ ಗಾಡಿ ಕಲಿತವಳ ಕೈಗೆ ಸವೆದ ಟಯರ್ ಕೊಡುವುದು ಸರಿಯಲ್ಲ ಅಂತ ನನಗೇ ಅನ್ನಿಸಿ ಸಲ್ಮಾಬಾದಿನ ಗ್ಯಾರೇಜು ಸಾಲಿಗೆ ಹೋದೆ. ಒಳ್ಳೇ ಬುದ್ಧಿ ಬಂದದ್ದೇ ತಪ್ಪಾಯಿತು ನೋಡಿ.

ಟಯರ್ ಅಂಗಡಿಯವನು ಪೇಶಾವರದ ಕಡೆಯ ದಪ್ಪ ಮೀಸೆಯ ಮನುಷ್ಯ. ಹಳೇ ಟಯರ್ ಕಳಚುವಾಗ ಒಂದು ಚಕ್ರದ ಗಾಳಿ ತುಂಬುವ ನಳಿಗೆ ಅವನ ಕೈಯಲ್ಲೇ ಮುರಿದು ಬಂತು. ನಳಿಗೆಯ ಬುಡಕ್ಕೆ ಅಂಟಿಕೊಂಡ ಸೆನ್ಸರ್, ಅಂದರೆ ಟಯರಿನಲ್ಲಿ ಗಾಳಿ ಎಷ್ಟುಂಟು ಅಂತ ಗಾಡಿಗೆ ಹೇಳುವ ಸಾಮಾನು, ಅದೂ ಹೋಯಿತು. ಉಪ್ಪು ತಿಂದ ಹಾಗೆ ಉಂಟು ಅಂತ ಅವನು ಹಿಂದಿಯಲ್ಲಿ ಹೇಳಿದ. ಸುತ್ತ ಸಮುದ್ರ ಇರುವ ಊರಲ್ಲಿ ಉಪ್ಪು ತಿನ್ನದೆ ಇನ್ನೇನು ತಿನ್ನುತ್ತದೆ ಅಂತ ನಾನು ಹಾರಿಸಿದೆ. ಹೊಸ ಸೆನ್ಸರ್ ತೆಗೆಯುವಾಗ ಅವನು "ಜಿಸಿಸಿ ಗಾಡಿಯಾ?" ಅಂತ ಕೇಳಿದ. ನಾನು "ಜಿಸಿಸಿ, ಜಿಸಿಸಿ" ಅಂತ ಎರಡು ಸಲ ಹೇಳಿದೆ, ಒಂದು ಸಲ ಸಾಲದೇನೋ ಎಂಬಂತೆ.

ರಿಫಾ ಮುಟ್ಟುವ ಮೊದಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು ಬಂತು. ಕುದುರೆ ಲಾಳದ ಹಾಗಿನ ಚಿತ್ರ, ನಡುವೆ ಒಂದು ಆಶ್ಚರ್ಯಸೂಚಕ. ಒಂದಷ್ಟು ಹೊತ್ತು ಪಿಳಿಪಿಳಿ ಮಿಣುಕಿ ಆಮೇಲೆ ಗಟ್ಟಿಯಾಗಿ ಕೂತುಬಿಟ್ಟಿತು. ಹತ್ತಿರದ ಪೆಟ್ರೋಲ್ ಪಂಪಿಗೆ ಹೋಗಿ ನಾಲ್ಕೂ ಟಯರಿನ ಗಾಳಿ ನೋಡಿಸಿದೆ. ಸರಿ ಉಂಟು ಅಂದ ಅಲ್ಲಿಯವನು. ಟಯರಿಗೆ ಏನೂ ಆಗಿಲ್ಲ, ಲೈಟಿಗೆ ಮಾತ್ರ ಭೂತ ಹಿಡಿದಿತ್ತು.

ಮಾರನೇ ದಿನ ಆಫೀಸು ಬಿಟ್ಟು ಅಂಗಡಿಗೆ ಹೋದೆ. ಮೀಸೆಯವನು ಒಂದು ಯಂತ್ರ ತಂದು ಚಕ್ರಕ್ಕೆ ಹಿಡಿದ, ಸೆನ್ಸರ್ ಜೀವಂತ ಉಂಟು ಅಂದ. "ಓಡಿಸಿ ಸಾಹೇಬ್, ಓಡಿಸ್ತಾ ಓಡಿಸ್ತಾ ಗಾಡಿ ತಾನೇ ಕಲಿಯುತ್ತದೆ" ಅಂತ ನನ್ನ ಬೆನ್ನು ತಟ್ಟಿದ. ಸರಿ ಅಂತ ಓಡಿಸಿದೆ. ಕೆಲಸವಿಲ್ಲದೆ ಹೈವೇಯಲ್ಲಿ ಝಲ್ಲಾಕ್ ಕಡೆ ಹೋಗಿ ಬಂದೆ, ಪೆಟ್ರೋಲು ಸುಟ್ಟದ್ದೇ ಬಂತು. ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದ ಗಾಡಿ, ಈಗ ಅದಕ್ಕೆ ಕಲಿಸಬೇಕಂತೆ. ನನ್ನ ಮಗಳಿಗೆ ಕನ್ನಡ ಅಕ್ಷರ ಕಲಿಸಲಿಕ್ಕೇ ನನ್ನಿಂದ ಆಗಲಿಲ್ಲ.

ಮತ್ತೆ ಹೋದೆ. ಸೆನ್ಸರೇ ಖರಾಬು ಇರಬೇಕು ಅಂತ ಅದನ್ನು ಕಿತ್ತು, ಅದೇ ಥರದ ಇನ್ನೊಂದು ಹಾಕಿದ. ಅಂಗಡಿಯ ಗೇಟು ದಾಟುವಾಗಲೇ ಲೈಟು ಮಿಣುಕಲಿಕ್ಕೆ ಶುರು. ನನಗೆ ಮಂಡೆ ಬಿಸಿಯಾಯಿತು. ಗಾಡಿಯನ್ನು ಅಲ್ಲೇ ರಿವರ್ಸ್ ತಗೊಂಡು ಬಂದು ಅವನ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿದೆ. ಟಯರ್ ಹಾಕಲಿಕ್ಕೆ ಬಾರದಿದ್ದರೆ ಸಮೋಸ ಮಾರು ಅಂತ ಬಾಯಿಗೆ ಬಂದದ್ದು ಅಂದೆ. ಅವನೂ ಬಿಡುವವನಲ್ಲ. ತನ್ನ ಸೆನ್ಸರ್ ಸರಿ ಉಂಟು, ನಿನ್ನ ಗಾಡಿಗೇ ಕಿವಿ ಕೇಳುವುದಿಲ್ಲ ಅಂತ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿಸಾಡಿದ.

ಆ ಹೊತ್ತಿಗೆ ಹೆಂಡತಿಯ ಫೋನು ಬೇರೆ. ಹುಡುಗಿ ಶುಕ್ರವಾರ, ಅಂದರೆ ಇಲ್ಲಿಯ ವಾರದ ರಜೆಯ ದಿನ, ಇಗರ್ಜಿಯ ಪೂಜೆ ಮುಗಿಸಿ ಸೀದಾ ಬರುತ್ತಾಳಂತೆ, ಲೈಟು ಹೋಯಿತಾ ಅಂತ. ಹೋಗಿದ್ದರೆ ನಾನು ಇಲ್ಲಿ ಯಾಕೆ ಸಾಯುತ್ತಿದ್ದೆ ಅಂತ ಗದರಿ ಇಟ್ಟೆ. ಅವಳದ್ದೇನು ತಪ್ಪಿತ್ತು. ಆದರೆ ಆಗ ಯಾರಾದರೂ ಸಿಕ್ಕಿದರೆ ಸಾಕು ಅನ್ನುವ ಹಾಗಿತ್ತು ನನ್ನ ಅವಸ್ಥೆ.

ನೀನು ಗಾಳಿಯನ್ನೇ ತಪ್ಪು ಲೆಕ್ಕಕ್ಕೆ ತುಂಬಿಸಿರಬೇಕು ಅಂತ ನಾನು ಹೊಸ ಜಗಳ ತೆಗೆದೆ. ಎಷ್ಟು ಗಾಳಿ ಬೇಕು ಅಂತ ಬಾಗಿಲ ಪಟ್ಟಿಯ ಸ್ಟಿಕ್ಕರಿನಲ್ಲಿ ಬರೆದಿದೆ, ನೀನೇ ಓದಿಕೋ ಅಂದ ಅವನು. ಓದಿಯೇ ಬಾಯಿ ಮುಚ್ಚಿಸುತ್ತೇನೆ ಅಂತ ಡ್ರೈವರ್ ಬಾಗಿಲು ತೆಗೆದು ಬಗ್ಗಿದೆ. ಧೂಳು ಒರೆಸಿದೆ. ಮೇಲೆ ಇಂಗ್ಲಿಷ್. ಅದರ ಕೆಳಗೆ ಇನ್ನೊಂದು ಭಾಷೆ, ಅದೂ ಇಂಗ್ಲಿಷ್ ಅಕ್ಷರದ್ದೇ, ಆದರೆ ಇಂಗ್ಲಿಷ್ ಅಲ್ಲ. ಅಕ್ಷರಗಳ ಮೇಲೆ ಸಣ್ಣ ಸಣ್ಣ ಗೀಟು. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆದವನು ನಾನು, ಒಂದು ದಿನವೂ ಅದನ್ನು ಓದಿರಲಿಲ್ಲ. ಮೀಸೆಯವನೂ ಬಗ್ಗಿದ. "ಅರಬಿ ಎಲ್ಲಿ?" ಅಂತ ಕೇಳಿದ. ಗಲ್ಫಿಗೆ ಅಂತ ಮಾಡಿದ ಗಾಡಿಯಾದರೆ ಸ್ಟಿಕ್ಕರಿನಲ್ಲಿ ಅರಬಿ ಇರಬೇಕಿತ್ತು.

ಪಕ್ಕದ ಅಂಗಡಿಯ ಎಲೆಕ್ಟ್ರಿಕಲ್ ಕೆಲಸದವನನ್ನು ಕರೆದ. ಅವನು ಕೇರಳದವನು, ಕೈಯಲ್ಲಿ ಚಾಯದ ಗ್ಲಾಸು ಹಿಡಿದುಕೊಂಡೇ ಬಂದು ನೋಡಿ ನಕ್ಕುಬಿಟ್ಟ. ಅದು ಫ್ರೆಂಚ್, ಇಂಗ್ಲಿಷಿನ ಜೊತೆ ಫ್ರೆಂಚ್ ಬರೆಯುವುದು ಕೆನಡಾದವರು, ಇದು ಅಲ್ಲಿಯ ಗಾಡಿ ಅಂದ. ಆ ಕಡೆಯ ಗಾಡಿಗಳ ಸೆನ್ಸರ್ ಬೇರೆ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತದೆ, ಇಲ್ಲಿಯದ್ದು ಬೇರೆ, ಹಾಗಾಗಿ ಗಾಡಿಗೆ ಹೊಸ ಸೆನ್ಸರಿನ ಮಾತು ಕೇಳುವುದೇ ಇಲ್ಲ ಅಂತ ವಿವರಿಸಿದ. ಆಮೇಲೆ ಒಳಗೆ ಇಣುಕಿ, "ಸೀಟು ಬಿಸಿ ಮಾಡುವ ಸ್ವಿಚ್ಚು ಉಂಟಲ್ಲ, ನೋಡಿರ್ಲಿಲ್ವಾ?" ಅಂತ ಕೇಳಿದ.

ನೋಡಿರಲಿಲ್ಲವಾ ಅಂತೆ. ಮನೆಗೆ ಬಂದವರಿಗೆಲ್ಲ ತೋರಿಸಿ ನಗಾಡಿದ್ದೆವು. ಬಹ್ರೇನಿನಲ್ಲಿ ಸೀಟು ಬಿಸಿ ಮಾಡಲಿಕ್ಕೆ ಸ್ವಿಚ್ಚು ಬೇಕಾ, ಆಗಸ್ಟಿನಲ್ಲಿ ಹಾಗೇ ಕೂತರೆ ಸಾಕಲ್ಲ ಅಂತ. ಜಾಸ್ತಿ ಐಷಾರಾಮಿ ಮಾಡೆಲ್ ಅಂತ ನಾನು ಒಳಗೊಳಗೆ ಹೆಮ್ಮೆಪಟ್ಟಿದ್ದೂ ಉಂಟು. ಪ್ರತೀ ಬೇಸಿಗೆ ಎ.ಸಿ. ಸೋತು ಸುಣ್ಣವಾಗುತ್ತಿದ್ದಾಗ ಗ್ಯಾಸ್ ತುಂಬುವವರಿಗೆ ಬೈದದ್ದು, ಅಡಿಯಲ್ಲಿ ತುಕ್ಕು ಕಂಡಾಗ ಇಲ್ಲಿಯ ಸಮುದ್ರಕ್ಕೆ ಬೈದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಆ ತುಕ್ಕು ಕೆನಡಾದವರು ಹಿಮ ಕರಗಿಸಲಿಕ್ಕೆ ರಸ್ತೆಗೆ ಹಾಕುವ ಉಪ್ಪಿನದ್ದಂತೆ. ಕಾರು ಚಳಿದೇಶದ್ದು, ಬೈಗುಳ ತಿಂದವರು ಇಲ್ಲಿಯವರು.

ಆ ಕಡೆಯ ಸೆನ್ಸರ್ ತರಿಸಿದರು, ಹಾಕಿದರು. ಲೈಟು ಹೋಯಿತು. ಎಷ್ಟು ಸಲೀಸಾಗಿ ಹೋಯಿತೆಂದರೆ ಇನ್ನಷ್ಟು ಸಿಟ್ಟು ಬಂತು. ಈಗ ಗಾಡಿ ಹೊರಗಿನಿಂದ ನೋಡಿದರೆ ಹೊಸ ಟಯರು, ಒಳಗೆ ಒಂದೂ ಲೈಟಿಲ್ಲ. ಶುಕ್ರವಾರ ಹುಡುಗಿ ಬಂದರೆ ಕೀ ಕೈಗಿಟ್ಟು ಕಳಿಸಬಹುದು, ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಈ ಗಾಡಿಯನ್ನು ನನಗೆ ಕೊಟ್ಟವರು ಅಣ್ಣ. ಒಡಹುಟ್ಟಿದ ಅಣ್ಣ ಅಲ್ಲ, ನಾನು ಈ ದೇಶಕ್ಕೆ ಬಂದಾಗ ಮೊದಲ ಕೆಲವು ತಿಂಗಳು ತಮ್ಮ ಮನೆಯಲ್ಲಿ ಜಾಗ ಕೊಟ್ಟವರು. ಯಾವ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ಅರಬಿ ಬಾಸಿನ ಹತ್ತಿರ ಹೇಗೆ ಮಾತಾಡಬೇಕು, ಎಲ್ಲ ಅವರೇ ಹೇಳಿಕೊಟ್ಟದ್ದು. ಊರಿಗೆ ವಾಪಸು ಹೋಗುವಾಗ ಗಾಡಿ ನನ್ನ ಕೈಗಿಟ್ಟು, "ಜಿಸಿಸಿ ಗಾಡಿ, ಬೇರೆಯವರಿಗೆ ಕೊಡ್ಲಿಕ್ಕೆ ಮನಸ್ಸಿಲ್ಲ" ಅಂದಿದ್ದರು. ಅಂಥವರ ಗಾಡಿಯನ್ನು ಚೆಕ್ ಮಾಡಿಸುವುದು ಅಂದರೆ ಅವರ ಮುಖಕ್ಕೇ ಹೊಡೆದ ಹಾಗೆ ಅಂತ ನಾನು ಅಂದುಕೊಂಡಿದ್ದೆ. ನಮ್ಮವರಲ್ಲಿ ಅದು ನಡೆಯುವುದಿಲ್ಲ.

ಮಂಗಳೂರಿಗೆ, ಅಣ್ಣನಿಗೆ ಫೋನು ಮಾಡಿದೆ. ತುಳುವಿನಲ್ಲಿ ಕ್ಷೇಮಸಮಾಚಾರ ಆಯಿತು, ಮಳೆ ಬಗ್ಗೆ ಆಯಿತು. ಕೊನೆಗೆ, ಅದು ಜಿಸಿಸಿ ಗಾಡಿ ಅಂತ ನಿಮಗೆ ಯಾರು ಹೇಳಿದ್ದು ಅಂತ ಕೇಳಿದೆ. "ನನಗೆ ಕೊಟ್ಟವನು ಹಾಗೆ ಹೇಳಿದ್ದ ಮಾರಾಯ, ಅವನೂ ನಮ್ಮವನೇ" ಅಂದರು. ನೀವು ನೋಡಲಿಲ್ಲವಾ ಅಂದೆ. "ನೀನು ನೋಡಿದ್ಯಾ?" ಅಂದರು. ಆಮೇಲೆ ಸ್ವಲ್ಪ ದೊಡ್ಡ ಸ್ವರದಲ್ಲಿ, ಇಷ್ಟು ವರ್ಷ ಓಡಿಸಿದ್ಯಲ್ಲ, ದಾರಿಯಲ್ಲಿ ಎಲ್ಲಾದರೂ ಬಿಟ್ಟು ಹೋಯಿತಾ, ಈಗ ಯಾಕೆ ಪಂಚಾತಿಕೆ ಅಂತ ಕೇಳಿದರು. ಬೇರೆಯವರಾಗಿದ್ದರೆ ಜಾಡಿಸುತ್ತಿದ್ದೆ. ಅವರ ಅನ್ನ ತಿಂದ ಬಾಯಿ, ಆಯ್ತಣ್ಣ ಅಂತ ಇಟ್ಟೆ.

ಸುಳ್ಳು ಹೇಳಿದವರು ಯಾರು ಅಂತ ಹುಡುಕಿದರೆ ಒಬ್ಬರೂ ಸಿಗುವುದಿಲ್ಲ. ಎಲ್ಲರೂ ನಮ್ಮವರು ಹೇಳಿದ್ದನ್ನು ನಮ್ಮವರಿಗೆ ಹೇಳಿದವರೇ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಬೈಯಲಿಕ್ಕೆ ಸರಿಯಾದ ಒಬ್ಬ ಮನುಷ್ಯನೂ ಇಲ್ಲದ ಮೋಸ ಎಂಥ ಮೋಸ ಮಾರಾಯ್ರೆ.

ಹುಡುಗಿಗೆ ಹೇಳುವುದೋ ಬೇಡವೋ ಅಂತ ನಾನು ಎರಡು ಮನಸ್ಸಿನಲ್ಲಿದ್ದೆ. ಗಾಡಿ ಓಡುತ್ತದೆ, ಲೈಟು ಹೋಗಿದೆ, ಸುಮ್ಮನೆ ಅವಳ ತಲೆಗೆ ಯಾಕೆ ಹುಳ ಬಿಡುವುದು ಅಂತ ಹೆಂಡತಿಯ ಹತ್ತಿರ ಅಂದೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು, "ದಿನಾ ಅವಳ ಮುಖ ನೋಡಬೇಕಾದವಳು ನಾನು, ನೀವಲ್ಲ" ಅಂದಳು.

ಶುಕ್ರವಾರ ಹುಡುಗಿ ಬಂದಳು, ಇಗರ್ಜಿಗೆ ಹೋಗುವ ಒಳ್ಳೇ ಬಟ್ಟೆಯಲ್ಲೇ. ಕೈಯಲ್ಲಿ ಒಂದು ಡಬ್ಬಿ ಕೇಕ್. ಪಾರ್ಕಿಂಗಿನಲ್ಲೇ ನಿಲ್ಲಿಸಿ ಹೇಳಿಬಿಟ್ಟೆ. ಇದು ಜಿಸಿಸಿ ಅಲ್ಲ, ಕೆನಡಾದಿಂದ ಬಂದದ್ದು, ನನಗೂ ಈ ವಾರವೇ ಗೊತ್ತಾದದ್ದು. ಬಾಗಿಲು ತೆಗೆದು ಸ್ಟಿಕ್ಕರ್ ತೋರಿಸಿದೆ. ಹೇಳಿದ ಮೇಲೆ ನನಗೆ ಹಗುರವಾಗುತ್ತದೆ ಅಂತ ಅಂದುಕೊಂಡಿದ್ದೆ, ಆಗಲಿಲ್ಲ. ಅವಳು ಸ್ಟಿಕ್ಕರನ್ನು ನಿಧಾನ ಓದಿದಳು. ಆಮೇಲೆ ಕೇಳಿದಳು, "ಅವತ್ತು ಪಕ್ಕಾ ಅಂತ ಹೇಳಿದ್ರಲ್ಲ, ಎಂತ ನೋಡಿ ಹೇಳಿದ್ದು?"

ನಾನು ಏನೂ ನೋಡಿರಲಿಲ್ಲ. ಅದನ್ನೇ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಆಗಿದ್ದರೆ ಒಳ್ಳೆಯದಿತ್ತು. ಹಾಗಾದರೆ ಒಂದು ಸಲ ಗ್ಯಾರೇಜಿಗೆ ತೋರಿಸುವ ಅಂದಳು. ತಾನೇ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಲೇನ್ ಬದಲಿಸುವಾಗ ಮೈಯೆಲ್ಲ ಬಿಗಿಹಿಡಿದು ಕನ್ನಡಿ ನೋಡುತ್ತಿದ್ದಳು. ಆ ಹೆದರಿಕೆಯವಳಿಗೆ ನಾನು ಕಣ್ಣು ಮುಚ್ಚಿ ತಗೋ ಅಂದಿದ್ದೆ.

ನಮ್ಮ ಗುರುತಿನ ಗ್ಯಾರೇಜಿಗೆ ಹೋಗುವ ಅಂತ ನಾನು ಹೇಳಿದೆ. ಬೇಡ ಅಂದಳು. ಫೋನಿನಲ್ಲಿ ಹುಡುಕಿ, ಅವಳಿಗೂ ನನಗೂ ಯಾರೂ ಪರಿಚಯವಿಲ್ಲದ ಒಂದು ಕಡೆ ಹೋದೆವು. ಫಿಲಿಪೀನ್ಸಿನ ಒಬ್ಬ ಮೆಕ್ಯಾನಿಕ್ ಗಾಡಿಯನ್ನು ಮೇಲಕ್ಕೆತ್ತಿಸಿ ಟಾರ್ಚು ಹಾಕಿ ನೋಡಿದ. ತುಕ್ಕು ಮೇಲ್ಮೇಲಿನದು, ಅಡಿಯ ಚೌಕಟ್ಟಿಗೆ ಪೆಟ್ಟಾಗಿಲ್ಲ, ಎ.ಸಿ. ಮಾತ್ರ ಇಲ್ಲಿಯ ಬೇಸಿಗೆಗೆ ಸೋಲುತ್ತದೆ ಅಂದ. ನನಗೆ ಹೋದ ಜೀವ ಬಂದ ಹಾಗಾಯಿತು. ಈ ಗಾಡಿಯನ್ನು ನಾನು ಮಗುವಿನ ಹಾಗೆ ನೋಡಿಕೊಂಡಿದ್ದೇನೆ, ಆಯಿಲ್ ಒಂದು ಸಲವೂ ತಡಮಾಡಿ ಬದಲಿಸಿದ್ದಿಲ್ಲ ಅಂತ ಅವಳಿಗೆ ಹೇಳಿದೆ. ಅದು ನಿಜ, ಯಾರ ಹತ್ತಿರ ಬೇಕಾದರೂ ಆಣೆ ಹಾಕಿ ಹೇಳುವಂಥ ನಿಜ.

ಅವಳು ಹೌದಾ ಅಂದಳು. ನಗುಮುಖದಲ್ಲೇ ಅಂದಳು. ಆಮೇಲೆ ಆ ಗ್ಯಾರೇಜಿನವನ ಕಡೆ ತಿರುಗಿ, ಆಯಿಲ್ ಸಮಯಕ್ಕೆ ಸರಿಯಾಗಿ ಬದಲಿಸಿದ್ದಾರಾ ಅಂತ ಎಂಜಿನ್ ನೋಡಿದರೆ ಗೊತ್ತಾಗುತ್ತದಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಅವಳು ಮಾಡಿದ್ದು ಸರಿಯೇ. ನಾನು ಪಕ್ಕದಲ್ಲೇ ನಿಂತಿದ್ದೆ, ಅವನು ಏನು ಹೇಳುತ್ತಾನೋ ಅಂತ ಅವಳ ಹಾಗೆಯೇ ಅವನ ಬಾಯಿ ನೋಡುತ್ತಾ.